ಎಫ್ ಒನ್ ಒತ್ತಿ, ಮುಂದುವರಿಯಿರಿ

ಕಂಪ್ಯೂಟರಿನ ಬಟನ್ ಒತ್ತಿದ ಮೇಲೆ ಅದು ಪೂರ್ತಿ ಎದ್ದು ಕೂರಲು ಒಂದೆರಡು ನಿಮಿಷ ಹಿಡಿಯುತ್ತದಲ್ಲ, ಇಪ್ಪತ್ತೆರಡು ವರ್ಷದಿಂದ ನಾನು ಅನ್ನ ತಿನ್ನುತ್ತಿರುವುದು ಆ ಎರಡು ನಿಮಿಷದ ಮೇಲೆಯೇ. ಎದ್ದರೆ ನನ್ನನ್ನು ಯಾರೂ ನೆನೆಯುವುದಿಲ್ಲ. ಏಳದಿದ್ದರೆ ಸ್ನಾನದ ಮನೆಯಲ್ಲಿದ್ದರೂ ಬಿಡುವುದಿಲ್ಲ. ಮಂಡಿ ಮೊಹಲ್ಲಾದಲ್ಲಿ ಒಂದು ಪಕ್ಕ ಮೆಣಸಿನಕಾಯಿ ಸಗಟು ಅಂಗಡಿ, ಇನ್ನೊಂದು ಪಕ್ಕ ವೆಲ್ಡಿಂಗ್ ಶಾಪು, ನಡುವೆ ನನ್ನ ರಿಪೇರಿ ಅಂಗಡಿ. ಸೀನುತ್ತಾ, ಕಿಡಿಗೆ ಕಣ್ಣು ಮುಚ್ಚಿಕೊಳ್ಳುತ್ತಾ ಕೆಲಸ ಕಲಿತವನು ನಾನು.

ಆ ಎರಡು ನಿಮಿಷದಲ್ಲಿ ಡಬ್ಬದ ಒಳಗೆ ನಡೆಯುವುದು ಬಹಳ ಸರಳ. ಬೆಳಿಗ್ಗೆ ಎದ್ದವರು ಕನ್ನಡಕ ಎಲ್ಲಿ, ಚಪ್ಪಲಿ ಎಲ್ಲಿ, ಇವತ್ತು ಯಾವ ವಾರ ಎಂದು ತಡಕಾಡುವ ಹಾಗೆ ಯಂತ್ರವೂ ಕೀಬೋರ್ಡ್ ಇದೆಯೇ, ತಾರೀಖು ಎಷ್ಟು, ಯಾವ ಡಿಸ್ಕಿನಿಂದ ಹೊರಡಬೇಕು ಎಂದು ನೋಡಿಕೊಳ್ಳುತ್ತದೆ. ಡಬ್ಬದ ಹೊರಗೆ ಕುರ್ಚಿಯಲ್ಲಿ ಕುಳಿತವರು ಏನೇನು ಮಾಡುತ್ತಾರೆ ಎನ್ನುವುದಕ್ಕೆ ಮಾತ್ರ ಯಾವ ಪುಸ್ತಕದಲ್ಲೂ ವಿವರಣೆ ಇಲ್ಲ. ವಾರಕ್ಕೊಂದು ಹೊಸದು ನಡೆಯುತ್ತಲೇ ಇರುತ್ತದೆ. ನನ್ನ ಒಬ್ಬಳೇ ಮಗಳ ಮದುವೆಯೇ ಇಂಥ ಒಂದು ಎರಡು ನಿಮಿಷದಲ್ಲಿ ಸಿಕ್ಕಿಕೊಂಡು ನನ್ನ ಬೆವರು ಇಳಿಸಿತು. ಅದನ್ನು ಕೊನೆಗೆ ಹೇಳುತ್ತೇನೆ. ಅಲ್ಲಿಗೆ ಹೋಗಬೇಕಾದರೆ ಮೊದಲು ಒಬ್ಬ ಮೇಷ್ಟ್ರನ್ನೂ ಒಬ್ಬ ಜೋಯಿಸರನ್ನೂ ನಿಮಗೆ ಪರಿಚಯ ಮಾಡಿಸಬೇಕು.

ತಟ್ಟೆಯಲ್ಲಿ ಏನಿತ್ತು

ಆಯುಧಪೂಜೆ ಮುಗಿದ ಮೇಲಿನ ಒಂದು ವಾರ ನನಗೆ ಸುಗ್ಗಿ. ಊರಿನವರೆಲ್ಲ ಬೈಕು, ಆಟೊ, ಮಿಕ್ಸಿ ಜೊತೆಗೆ ಕಂಪ್ಯೂಟರನ್ನೂ ಪೂಜೆ ಮಾಡಿರುತ್ತಾರೆ. ಫ್ಯಾನಿನ ಕಿಂಡಿಯಲ್ಲಿ ವಿಭೂತಿ, ಕೀಬೋರ್ಡಿನ ಸಂದಿಯಲ್ಲಿ ಚೆಂಡು ಹೂವಿನ ಎಸಳು, ಮಾನಿಟರಿನ ಹಣೆಗೆ ಗಂಧ. ಎರಡು ದಿನ ಬಿಟ್ಟು ಆನ್ ಮಾಡಿದರೆ ಫ್ಯಾನು ತಿರುಗಿ, ಆನ್ ಮಾಡಿದವರ ಮುಖಕ್ಕೇ ವಿಭೂತಿ.

ಅಂಥ ಒಂದು ವಾರದಲ್ಲಿ ಸಿದ್ಧಾರ್ಥನಗರದಿಂದ ಒಬ್ಬರು ಫೋನ್ ಮಾಡಿದರು. ನಿವೃತ್ತ ಹೆಡ್‌ಮಾಸ್ತರು. ದನಿ ಕೇಳಿದರೆ ನಾನೇ ಎದ್ದು ನಿಲ್ಲಬೇಕು ಅನಿಸಿತು.

"ಕಂಪ್ಯೂಟರ್ ಆನ್ ಆಗ್ತಾ ಇಲ್ಲ. ಒಳಗಿಂದ ಕಟಕಟ ಅಂತ ಸದ್ದು. ಏನನ್ನೋ ಅಗಿದ ಹಾಗೆ ಬರ್ತಾ ಇದೆ."

ಹೋಗಿ ನೋಡಿದೆ. ಅಗಿಯುತ್ತಲೇ ಇತ್ತು. ಸಿ.ಡಿ. ಇಡುವ ತಟ್ಟೆ ಅರ್ಧ ಸಿಕ್ಕಿಕೊಂಡಿತ್ತು. ಕಷ್ಟಪಟ್ಟು ಎಳೆದರೆ ಒಳಗಿಂದ ಎರಡು ವೀಳ್ಯದೆಲೆ, ಒಂದು ಬಟ್ಟಲಡಿಕೆ, ಒಂದು ಹಿಡಿ ಅಕ್ಷತೆ, ಚಪ್ಪಟೆಯಾಗಿದ್ದ ಒಂದು ಪುಟ್ಟಬಾಳೆ ಹಣ್ಣು ಹೊರಗೆ ಬಂತು.

"ಇದೇನು ಸಾರ್?"

"ಪೂಜೆ ದಿನ ಮಂಗಳಾರತಿ ಮಾಡೋವಾಗ ನನ್ನ ಕೈ ಎಲ್ಲೋ ತಾಗಿತು. ಅದು ತಟ್ಟೆ ಮುಂದಕ್ಕೆ ಚಾಚ್ತು. ಚಾಚಿದ ತಟ್ಟೆಗೆ ಏನೂ ಹಾಕದೆ ಹೇಗ್ರೀ ಕಳಿಸೋದು? ತಾಂಬೂಲ ಇಟ್ಟೆ. ಅದೇ ಒಳಗೆ ತಗೊಂಡುಹೋಯಿತು."

ನಾನು ತಾಳ್ಮೆಯಿಂದ ವಿವರಿಸಿದೆ. "ಸಾರ್, ಇದು ಆನ್ ಆಗೋವಾಗ ಎಲ್ಲಕ್ಕಿಂತ ಮೊದಲು ಈ ತಟ್ಟೆಯಲ್ಲಿ ಏನಾದರೂ ಇದೆಯಾ ಅಂತ ನೋಡುತ್ತೆ. ಇದ್ದರೆ ಅದನ್ನ ಓದೋಕೆ ಹೋಗುತ್ತೆ. ಅದಕ್ಕೇ ಅಲ್ಲೇ ನಿಂತುಬಿಟ್ಟಿದೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹಾಗಾದರೆ ತಪ್ಪು ಅದರದ್ದೇ. ಪ್ರಸಾದ ಅಂದರೆ ಕಣ್ಣಿಗೊತ್ತಿ ತಿನ್ನಬೇಕೇ ಹೊರತು ಓದ್ತಾರೇನ್ರೀ?"

ಹುಟ್ಟಿದ್ದು ಯಾವಾಗ

ನನ್ನ ಅಂಗಡಿಯ ಎದುರಿಗೆ ಒಬ್ಬರು ಪತ್ರ ಬರೆಯುವವರಿದ್ದಾರೆ. ಬಾಡಿಗೆ ಕರಾರು, ಕ್ರಯಪತ್ರ, ಅಫಿಡವಿಟ್ಟು ಎಲ್ಲ ಟೈಪ್ ಮಾಡಿಕೊಡುತ್ತಾರೆ. ರಾಹುಕಾಲದಲ್ಲಿ ಯಂತ್ರ ಶುರು ಮಾಡುವುದಿಲ್ಲ ಎನ್ನುವುದು ಅವರ ವ್ರತ. ಮೊದಲೇ ಶುರುವಾಗಿದ್ದರೆ ನಡೆಸಬಹುದಂತೆ.

ಒಂದು ಶುಕ್ರವಾರ ಹತ್ತು ಇಪ್ಪತ್ತೆಂಟಕ್ಕೆ ಓಡಿಬಂದು ಬಟನ್ ಒತ್ತಿದರು. ಹತ್ತೂವರೆಗೆ ರಾಹುಕಾಲ. ಅವರ ಕಂಪ್ಯೂಟರು ಏಳಲು ನಾಲ್ಕು ನಿಮಿಷ ಬೇಕು. ಪರದೆ ಬಂದಾಗ ಗಂಟೆ ಹತ್ತು ಮೂವತ್ತೆರಡು. ಕೈ ಮೇಲೆತ್ತಿ ಕೂತುಬಿಟ್ಟರು. ಬಾಡಿಗೆ ಕರಾರಿಗೆ ಬಂದಿದ್ದ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಸ್ವಾಮಿ, ನೀವು ಬಟನ್ ಒತ್ತಿದ್ದು ರಾಹುಕಾಲಕ್ಕೆ ಮೊದಲೇ ಅಲ್ವಾ?" ಎಂದ ಗಂಡ.

"ಪರದೆ ಬಂದದ್ದು ಆಮೇಲೆ ಕಣ್ರೀ. ಯಾವುದು ಲೆಕ್ಕ?"

ಕಂಪ್ಯೂಟರು ಶುರುವಾಯಿತು ಅನ್ನುವುದು ಯಾವಾಗ ಎಂದು ನನ್ನನ್ನು ಕರೆದು ಕೇಳಿದರು. ನಾನು ಇಪ್ಪತ್ತೆರಡು ವರ್ಷದಲ್ಲಿ ಆ ಪ್ರಶ್ನೆಯನ್ನು ಯೋಚಿಸಿಯೇ ಇರಲಿಲ್ಲ. ಕೊನೆಗೆ ಅವರು ಕೃಷ್ಣಮೂರ್ತಿಪುರಂನ ಜೋಯಿಸರಿಗೆ ಫೋನ್ ಹಚ್ಚಿದರು. ಕಂಪ್ಯೂಟರ್ ಜಾತಕ ಬರೆದುಕೊಡುವ ಹಿರಿಯರು, ನನಗೂ ಹಳೆಯ ಗಿರಾಕಿ. ಒಂದು ಕ್ಷಣವೂ ತಡೆಯದೆ ಅವರು ತೀರ್ಪು ಕೊಟ್ಟರು: "ಮಗು ಹುಟ್ಟಿತು ಅನ್ನೋದು ಅದು ಅತ್ತಾಗ. ನಿಮ್ಮ ಯಂತ್ರ ಮೊದಲು ಸದ್ದು ಮಾಡಿದ್ದು ಯಾವಾಗ, ಅದೇ ಜನನ ಕಾಲ."

ಆನ್ ಮಾಡಿದ ಕೂಡಲೇ ಡಬ್ಬದೊಳಗಿಂದ ಒಂದು "ಟಿಕ್" ಬರಬೇಕು. ಎಲ್ಲ ಸರಿಯಾಗಿದೆ ಎಂದು ಯಂತ್ರ ತಾನೇ ಹೇಳಿಕೊಳ್ಳುವ ಸದ್ದು. ಇವರ ಯಂತ್ರದಲ್ಲಿ ಆ ಸದ್ದಿನ ತಂತಿ ಕಳಚಿಹೋಗಿತ್ತು. ಸಿಕ್ಕಿಸಿಕೊಟ್ಟೆ.

ಮುಂದಿನ ಶುಕ್ರವಾರ ಹತ್ತು ಇಪ್ಪತ್ತೊಂಬತ್ತಕ್ಕೆ ಒತ್ತಿದರು. "ಟಿಕ್" ಎಂದಿತು. ಬೀದಿಗೆಲ್ಲ ಕೇಳುವ ಹಾಗೆ "ಹುಟ್ತು!" ಎಂದು ಕೂಗಿದರು. ಆ ಕ್ಷಣಕ್ಕೇ ಕರೆಂಟ್ ಹೋಯಿತು. ಬಂದದ್ದು ಹನ್ನೊಂದಕ್ಕೆ, ನಡು ರಾಹುಕಾಲದಲ್ಲಿ. ಇವತ್ತಿಗೆ ಇವರ ಅಂಗಡಿ ಮುಗಿಯಿತು ಎಂದುಕೊಂಡು ನಾನು ನೋಡುತ್ತಿದ್ದರೆ ಇವರು ಆರಾಮಾಗಿ ಬಟನ್ ಒತ್ತಿ ಟೈಪಿಂಗ್ ಶುರು ಮಾಡಿದರು.

"ಏನ್ ಸ್ವಾಮಿ, ರಾಹುಕಾಲ?"

"ಅದು ಆಗಲೇ ಹುಟ್ಟಾಗಿದೆ ಕಣ್ರೀ. ನಡುವೆ ಸ್ವಲ್ಪ ಮೂರ್ಛೆ ಹೋಗಿತ್ತು ಅಷ್ಟೆ."

ಮೂವತ್ತು ವರ್ಷದ ಸರ್ವೀಸು

ಸಿದ್ಧಾರ್ಥನಗರದ ಮೇಷ್ಟ್ರ ಮನೆಗೆ ನಾನು ಮತ್ತೆ ಹೋಗಬೇಕಾಯಿತು. ಈ ಸಲ ಕರೆದದ್ದು ಅವರಲ್ಲ, ಅವರ ಮಗ. ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಾನೆ. ಅದೇ ಹೈಸ್ಕೂಲಿನಲ್ಲಿ ನನ್ನ ಮಗಳು ಗಣಿತ ಹೇಳುತ್ತಾಳೆ. ಇವರಿಬ್ಬರೂ ಒಂದು ವರ್ಷದಿಂದ ಸ್ಟಾಫ್ ರೂಮಿನಲ್ಲಿ ಒಂದೇ ಡಬ್ಬಿಯಿಂದ ಚಿತ್ರಾನ್ನ ತಿನ್ನುತ್ತಿದ್ದರು ಎನ್ನುವುದು ನನಗೆ ಆಗ ಗೊತ್ತಿರಲಿಲ್ಲ. ಹುಡುಗ ನನಗೆ ಮೂರು ಸಲ ಕಾಫಿ ಕೊಟ್ಟಾಗಲೇ ಅನುಮಾನ ಬರಬೇಕಿತ್ತು.

"ಅಂಕಲ್, ಇದು ಅಪ್ಪ ಹೊಡೆದರೆ ಮಾತ್ರ ಆನ್ ಆಗುತ್ತೆ."

ಮೇಷ್ಟ್ರು ಹೆಮ್ಮೆಯಿಂದ ಮುಂದೆ ಬಂದರು. ಬಟನ್ ಒತ್ತಿದರು. ಏನೂ ಇಲ್ಲ. ತೋಳು ಮೇಲೆ ಸರಿಸಿ ಡಬ್ಬದ ಎಡಗೆನ್ನೆಗೆ ಒಂದು ಬಾರಿಸಿದರು. ತಕ್ಷಣ ಎದ್ದು ನಿಂತಿತು.

"ನೋಡಿದಿರಾ? ಮೂವತ್ತು ವರ್ಷದ ಸರ್ವೀಸು. ಎಲ್ಲಿ ಕೊಡಬೇಕು, ಎಷ್ಟು ಕೊಡಬೇಕು ಅಂತ ಕೈಗೇ ಗೊತ್ತು."

ಒಳಗಿನ ಒಂದು ಮೆಮೊರಿ ಪಟ್ಟಿ ಸಡಿಲವಾಗಿತ್ತು, ಹೊಡೆದಾಗ ತನ್ನ ಜಾಗಕ್ಕೆ ಕೂರುತ್ತಿತ್ತು. ಒರೆಸಿ ಗಟ್ಟಿಯಾಗಿ ಕೂರಿಸಿದೆ. ಈಗ ಬೆರಳು ತಾಗಿಸಿದರೆ ಸಾಕು, ಎದ್ದೇಳುತ್ತದೆ. ಮೇಷ್ಟ್ರ ಮುಖ ಇಳಿದುಹೋಯಿತು. ಕೈ ಹಿಂದೆ ಕಟ್ಟಿಕೊಂಡು ವರಾಂಡಕ್ಕೆ ಹೋದರು. ನಾನು ಗೇಟಿನ ಹತ್ತಿರ ಬಂದಾಗ ಅವರ ಹೆಂಡತಿ ಹಿಂದೆಯೇ ಬಂದು ಪಿಸುಗುಟ್ಟಿದರು.

"ಪೂರ್ತಿ ರಿಪೇರಿ ಮಾಡ್ಬುಟ್ರಾ? ಸ್ವಲ್ಪ ಮೊದಲಿನ ಹಾಗೇ ಮಾಡೋಕೆ ಆಗುತ್ತಾ ನೋಡಿ. ರಿಟೈರ್ ಆದ ಮೇಲೆ ಅವರ ಮಾತು ಕೇಳೋದು ಅಂತ ಈ ಮನೇಲಿ ಅದೊಂದೇ ಇತ್ತು."

ನಾನು ಎದೆಯುಬ್ಬಿಸಿ ಹೇಳಿದೆ: "ಇಲ್ಲಮ್ಮ. ಕೆಟ್ಟದ್ದನ್ನ ಕಣ್ಣಾರೆ ನೋಡಿ ಹಾಗೇ ಬಿಟ್ಟು ಹೋಗೋ ಅಭ್ಯಾಸ ನನಗಿಲ್ಲ."

ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಡಿ.

ಅವಸರ ಇಲ್ಲದವರು

ಜೋಯಿಸರ ಕಂಪ್ಯೂಟರಿಗೆ ನನ್ನ ಮಗಳಿಗಿಂತ ಏಳೆಂಟು ವರ್ಷ ಕಡಿಮೆ ವಯಸ್ಸು. ನಡುಮನೆಯಲ್ಲಿ ಮಣೆಯ ಮೇಲೆ ಕೂತಿದೆ, ಮೇಲೊಂದು ಜರಿ ವಸ್ತ್ರ. ಇಂಟರ್ನೆಟ್ ಇಲ್ಲ, ಕಂಡಕಂಡವರ ದೃಷ್ಟಿ ತಾಗುತ್ತದೆ ಎಂದು ಬೇಡವೆಂದಿದ್ದಾರೆ. ಜನ ಎದುರಿಗೆ ಚಾಪೆಯ ಮೇಲೆ ಕೂರುತ್ತಾರೆ, ಇವರು ಬಟನ್ ಒತ್ತುತ್ತಾರೆ, ಅದು ಏಳುವವರೆಗೆ ಎಲ್ಲರೂ ಕಾಯುತ್ತಾರೆ. ಒಬ್ಬರು ಹೋಗಿ ಇನ್ನೊಬ್ಬರು ಬಂದರೆ ಗೋಡೆಯ ಸ್ವಿಚ್ಚನ್ನೇ ಆರಿಸಿ ಮತ್ತೆ ಮೊದಲಿನಿಂದ. ಒಬ್ಬರ ಗ್ರಹಚಾರ ಇನ್ನೊಬ್ಬರಿಗೆ ಅಂಟಬಾರದಂತೆ.

"ಸ್ವಾಮಿ, ಹೊಸ ಡಿಸ್ಕ್ ಹಾಕಿಕೊಡ್ತೀನಿ, ಹತ್ತು ಸೆಕೆಂಡಿಗೆ ಆನ್ ಆಗುತ್ತೆ" ಎಂದು ಎಷ್ಟೋ ಸಲ ಹೇಳಿದ್ದೆ.

"ಹತ್ತು ಸೆಕೆಂಡಾ? ಬೇಡ ಕಣಯ್ಯ. ನನ್ನ ಕಸುಬೇ ಹಾಳಾಗಿಹೋಗುತ್ತೆ."

ಮುದುಕರಿಗೆ ಹೊಸದು ಎಂದರೆ ಭಯ ಎಂದು ನಾನು ಒಳಗೊಳಗೇ ನಕ್ಕಿದ್ದೆ. ಯಾರು ಯಾರನ್ನು ನೋಡಿ ನಗಬೇಕಿತ್ತು ಎನ್ನುವುದು ಆಮೇಲೆ ಗೊತ್ತಾಯಿತು.

ಎಫ್ ಒನ್

ಚಿತ್ರಾನ್ನದ ಸಂಗತಿ ಎರಡೂ ಮನೆಗೆ ತಿಳಿಯಿತು. ಮಗಳು ನೇರವಾಗಿ ಹೇಳಿದಳು: "ಅಪ್ಪಾ, ಆದರೆ ಅವರನ್ನೇ. ಇಲ್ಲದಿದ್ದರೆ ನನ್ನ ಪಾಡಿಗೆ ನನ್ನ ಬಿಟ್ಟುಬಿಡಿ." ಮೇಷ್ಟ್ರಿಗೂ ಇಷ್ಟವೇ. ಆದರೆ ಶಿಸ್ತಿನ ಮನುಷ್ಯ. "ಹುಡುಗಿಗೆ ಗುರುಬಲ ಇದೆಯಾ ಅಂತ ನೋಡಿಸ್ತೀನಿ. ಇಲ್ಲ ಅಂದರೆ ಈ ಮಾತು ಇಲ್ಲಿಗೇ ಬಿಡೋಣ" ಎಂದರು. ನನಗೆ ಜಾತಕದಲ್ಲಿ ಕಾಸಿನಷ್ಟೂ ನಂಬಿಕೆ ಇಲ್ಲ. ಮೇಷ್ಟ್ರಿಗೆ ಇತ್ತಲ್ಲ, ಅಷ್ಟು ಸಾಕಾಗಿತ್ತು ನನ್ನ ನಿದ್ದೆ ಕೆಡಿಸಲು.

ಅವರು ಹೋದದ್ದು ನಮ್ಮ ಜೋಯಿಸರ ಹತ್ತಿರವೇ. ಹಾಳೆ ಬಂತು. ಗುರುಬಲ ಪೂರ್ಣ. ನನ್ನ ಹೆಂಡತಿ ಕುಣಿದಾಡಿಬಿಟ್ಟಳು. "ನಂ ಮಗೀಗೆ ಎಂಗೈತೆ ನೋಡಿ ಗುರುಬಲ! ನೀವು ನಂಬಲ್ಲ ನಂಬಲ್ಲ ಅಂತಿದ್ರಲ್ಲ, ಈಗೇನಂತೀರಾ?" ನನಗೂ ಒಳಗೊಳಗೇ ಬಹಳ ಖುಷಿಯಾಗಿತ್ತು. ಬರುವ ಭಾನುವಾರ ನಿಶ್ಚಿತಾರ್ಥ ಎಂದು ನಿಗದಿಯಾಯಿತು.

ಗುರುವಾರ ಬೆಳಿಗ್ಗೆ ಜೋಯಿಸರ ಫೋನು. "ನಿನ್ನ ಬೀಗರ ಹಾಳೆ ಮೇಲೆ ದೇವರ ಮನೆಯ ದೀಪದ ಎಣ್ಣೆ ಚೆಲ್ಲಿಬಿಟ್ಟಿದೆಯಂತೆ. ಇನ್ನೊಂದು ಪ್ರತಿಗೆ ಹನ್ನೊಂದಕ್ಕೆ ಬರ್ತಾರೆ. ಈ ಯಂತ್ರ ಆನ್ ಮಾಡಿದಾಗಲೆಲ್ಲ ಅರ್ಧಕ್ಕೆ ನಿಂತು ಎಫ್ ಒನ್ ಒತ್ತು ಅನ್ನುತ್ತೆ. ಬಂದು ನೋಡು."

ಹತ್ತೂವರೆಗೆ ಹೋದೆ. ಆನ್ ಮಾಡಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ: ತಾರೀಖು ಗೊತ್ತಿಲ್ಲ, ಮುಂದುವರಿಯಲು ಎಫ್ ಒನ್ ಒತ್ತಿ. ಇದು ನನಗೆ ಶೀತ ನೆಗಡಿಯಷ್ಟು ಪರಿಚಿತ ಕಾಯಿಲೆ. ಒಳಗೆ ಗುಂಡಿಯಷ್ಟಗಲದ ಒಂದು ಸೆಲ್ ಇರುತ್ತದೆ. ಕರೆಂಟ್ ಇಲ್ಲದಾಗ ತಾರೀಖು ನೆನಪಿಟ್ಟುಕೊಳ್ಳುವುದು ಅದರ ಕೆಲಸ. ಅದು ಸತ್ತಿತ್ತು. ಸತ್ತರೆ ಯಂತ್ರ ಪ್ರತಿ ಸಲವೂ ತಾನು ತಯಾರಾದ ವರ್ಷಕ್ಕೇ ವಾಪಸು ಹೋಗುತ್ತದೆ. ಜೋಯಿಸರು ಕಾಫಿಗೆ ಹೇಳಲು ಒಳಗೆ ಹೋದರು. ಎಫ್ ಒನ್ ಒತ್ತಿ, ಮೂಲೆಯಲ್ಲಿ ತಾರೀಖು ನೋಡಿದೆ.

ಜನವರಿ ಒಂದು, ಎರಡು ಸಾವಿರದ ಒಂಬತ್ತು.

ಮೊದಲು ನಗು ಬಂತು. ಗುರುಬಲ ನೋಡುವುದು ಈಗ ಗುರು ಎಲ್ಲಿದ್ದಾನೆ ಎಂದು. ಈ ಯಂತ್ರ ಬಂದವರಿಗೆಲ್ಲ ಎರಡು ಸಾವಿರದ ಒಂಬತ್ತರ ಗುರುವನ್ನು ತೋರಿಸುತ್ತಿತ್ತು. ಆಮೇಲೆ ನಗು ನಿಂತುಹೋಯಿತು. ನನ್ನ ಮಗಳ ಹಾಳೆಯೂ ಇಲ್ಲಿಂದಲೇ ಹೋದದ್ದು. ಎರಡು ಸಾವಿರದ ಒಂಬತ್ತರಲ್ಲಿ ಅವಳು ಮೂರನೇ ಕ್ಲಾಸು, ಮುಂದಿನ ಎರಡು ಹಲ್ಲು ಇರಲಿಲ್ಲ. ಆಗ ಅವಳಿಗೆ ಪೂರ್ಣ ಗುರುಬಲವಿತ್ತು.

ಕೈ ಸುಮ್ಮನಿರಲಿಲ್ಲ. ಇವತ್ತಿನ ತಾರೀಖು ಹಾಕಿ ಮಗಳ ಜಾತಕ ತೆಗೆದೆ. ಪರದೆ ಬಂತು. ಗುರುಬಲ: ಇಲ್ಲ.

ಜಾತಕ ನಂಬದ ನಾನು ಅದನ್ನೇ ಮೂರು ಸಲ ಓದಿದೆ. ಹೊಸ ಸೆಲ್ ಬಲಗೈಯಲ್ಲಿತ್ತು. ಹಾಕಿದರೆ ಇನ್ನು ಅರ್ಧ ಗಂಟೆಯಲ್ಲಿ ಮೇಷ್ಟ್ರ ಕೈಗೆ "ಇಲ್ಲ" ಹೋಗುತ್ತದೆ, ಭಾನುವಾರ ಇಲ್ಲ, ಮಗಳ ಮುಖ ನೋಡುವುದು ಹೇಗೆ? ಹಾಕದಿದ್ದರೆ ನನ್ನ ಇಪ್ಪತ್ತೆರಡು ವರ್ಷದ ಜಂಬ ಏನಾಗಬೇಕು? ಹೀಗೆ ನಿಂತಿರುವಾಗಲೇ ಹೊರಗೆ ಆಟೊ ನಿಂತ ಸದ್ದು, ಮೇಷ್ಟ್ರ ಕೆಮ್ಮು, ಒಳಗಿಂದ ಜೋಯಿಸರ ಪಾದುಕೆ.

ಗೋಡೆಯ ಸ್ವಿಚ್ಚನ್ನೇ ಆರಿಸಿಬಿಟ್ಟೆ. ಹಾಕಿದ ತಾರೀಖು ಅಳಿಸಿಹೋಯಿತು. ಹೊಸ ಸೆಲ್ ಜೇಬಿಗೆ ಇಳಿಯಿತು.

"ಏನಂತೆ ಕಾಯಿಲೆ?" ಎಂದರು ಜೋಯಿಸರು.

"ಕಾಯಿಲೆ ಏನಿಲ್ಲ ಸ್ವಾಮಿ. ಹಳೇ ಯಂತ್ರ, ಸ್ವಲ್ಪ ಹೀಗೇ ಇರುತ್ತೆ."

ಮೇಷ್ಟ್ರು ಚಾಪೆಯ ಮೇಲೆ ಕೂತರು. ಜೋಯಿಸರು ಆನ್ ಮಾಡಿದರು. ಮೂವರೂ ಪರದೆ ನೋಡುತ್ತಾ ಕೂತೆವು. ಅರ್ಧಕ್ಕೆ ನಿಂತಿತು. "ಏನೋ ಇಂಗ್ಲಿಷಿನಲ್ಲಿ ಬರೆದಿದೆಯಲ್ಲ, ಏನದು?" ಎಂದು ಮೇಷ್ಟ್ರು ಕತ್ತು ಚಾಚಿದರು. ನಾನು ಎದ್ದು ಅಡ್ಡ ನಿಂತು, ಬೆವರಿದ ಬೆರಳಿನಿಂದ ಎಫ್ ಒನ್ ಒತ್ತಿದೆ.

ಹಾಳೆ ಬಂತು. ಗುರುಬಲ ಪೂರ್ಣ. ಬಲಗಡೆಯ ಮೇಲಿನ ಮೂಲೆಯಲ್ಲಿ ತಾರೀಖು ಎದ್ದು ಕಾಣುತ್ತಿತ್ತು. ಜೋಯಿಸರು ಹಾಳೆಯನ್ನು ಮಣೆಯ ಮೇಲಿಟ್ಟು, ಪದ್ಧತಿಯಂತೆ ನಾಲ್ಕೂ ಮೂಲೆಗೆ ಒದ್ದೆ ಕುಂಕುಮ ಹಚ್ಚಿದರು. ತಾರೀಖಿದ್ದ ಮೂಲೆಗೆ ಸ್ವಲ್ಪ ಧಾರಾಳವಾಗಿಯೇ ಹಚ್ಚಿದರು. ಮೇಷ್ಟ್ರು ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟುಕೊಂಡರು.

ಮದುವೆ ಚೆನ್ನಾಗಿ ನಡೆಯಿತು. ಊಟದ ಸಾಲಿನಲ್ಲಿ ನಾನು ಜೋಯಿಸರ ಎಲೆಗೆ ಹೋಳಿಗೆ ಬಡಿಸುತ್ತಿದ್ದಾಗ ತಪ್ಪೊಪ್ಪಿಕೊಳ್ಳಲೇಬೇಕು ಅನ್ನಿಸಿತು. ಬಗ್ಗಿ ಕಿವಿಯಲ್ಲಿ ಹೇಳಿದೆ. "ಸ್ವಾಮಿ, ಆವತ್ತು ನಿಮ್ಮ ಯಂತ್ರದ ಸೆಲ್ ಸತ್ತಿತ್ತು. ನನಗೆ ಗೊತ್ತಿತ್ತು. ಬೇಕಂತಲೇ ಹಾಕಲಿಲ್ಲ."

"ಅದು ಸತ್ತು ಎರಡು ವರ್ಷ ಆಯಿತು ಕಣಯ್ಯ" ಎಂದರು ಅವರು, ಹೋಳಿಗೆಗೆ ತುಪ್ಪ ಸವರಿಕೊಳ್ಳುತ್ತಾ. "ಕುಂಕುಮ ಯಾಕೆ ಹಚ್ತೀನಿ ಅಂದುಕೊಂಡಿದ್ದೆ?"

ಹೋಳಿಗೆಯ ತಟ್ಟೆ ನನ್ನ ಕೈಯಲ್ಲೇ ಉಳಿಯಿತು. "ಮತ್ತೆ ಗುರುಬಲ, ಅದೂ ಇದೂ ಎಲ್ಲಾ ಹೇಗೆ ಹೇಳ್ತೀರಿ?"

"ಯಂತ್ರ ಏಳೋಕೆ ಹೊತ್ತು ಬೇಕಲ್ಲ. ಎದುರಿಗೆ ಕೂತವರು ಸುಮ್ಮನಿರ್ತಾರಾ? ಎಲ್ಲಾ ಅವರೇ ಹೇಳ್ಬುಡ್ತಾರೆ. ನಿಮ್ಮ ಮೇಷ್ಟ್ರು ಮೊದಲನೇ ಸಲ ಬಂದಾಗ, ಹುಡುಗಿ ಚಿನ್ನದಂಥೋಳು, ನನ್ನ ಹೆಂಡತಿ ಆಗಲೇ ಧಾರೆ ಸೀರೆ ತಂದುಬಿಟ್ಟಿದ್ದಾಳೆ ಅಂದರು. ಸೀರೆ ತಂದ ಮೇಲೆ ಗುರುಬಲ ಇಲ್ಲ ಅನ್ನೋಕೆ ನನಗೇನು ಹುಚ್ಚಾ?"

"ಮತ್ತೆ ನನ್ನನ್ನ ಯಾಕೆ ಕರೆಸಿದಿರಿ?"

"ಹುಡುಗಿಯ ಅಪ್ಪನ ಮನಸ್ಸಲ್ಲಿ ಏನಿದೆ ಅಂತ ನೋಡಬೇಕಿತ್ತು. ನೀನು ಅಡ್ಡ ನಿಂತು ಎಫ್ ಒನ್ ಒತ್ತಿದೆಯಲ್ಲ, ಆಗಲೇ ಅಂದುಕೊಂಡೆ, ಈ ಮದುವೆ ತಪ್ಪೋದಿಲ್ಲ ಅಂತ."

"ನಾನು ಸೆಲ್ ಹಾಕಿಬಿಟ್ಟಿದ್ದರೆ?"

"ಆ 'ಇಲ್ಲ'ದ ಮೇಲೂ ಒಂದು ಚಿಟಿಕೆ ಕುಂಕುಮ."

ಅಷ್ಟಾದರೂ ನನ್ನ ಜಂಬ ಹೋಗಲಿಲ್ಲ. ಮದುವೆ ಮುಗಿದ ಮೇಲೆ ಒಂದು ದಿನ ಹೋಗಿ ಹೊಸ ಸೆಲ್ ಹಾಕಿ, ತಾರೀಖು ಸರಿ ಮಾಡಿ, ತಲೆಯೆತ್ತಿಕೊಂಡು ಬಂದೆ. ಹತ್ತು ದಿನಕ್ಕೆ ಫೋನು ಬಂತು.

"ಏನಯ್ಯಾ, ಎಂಥ ಅನ್ಯಾಯ ಮಾಡಿಬಿಟ್ಟೆ! ಮೊದಲಾದರೆ ಎಫ್ ಒನ್ ಒತ್ತೋವರೆಗೂ ಅದು ಕಾಯ್ತಾ ಇತ್ತು. ಅವರು ಪೂರ್ತಿ ಬಾಯಿ ಬಿಡೋವರೆಗೂ ನಾನೂ ಒತ್ತುತ್ತಿರಲಿಲ್ಲ. ಈಗ ಯಾರನ್ನೂ ಕೇಳದೆ ಎದ್ದುಬಿಡುತ್ತೆ. ಮೊನ್ನೆ ಒಬ್ಬರು, ಹುಡುಗ ಏನು ಕೆಲಸದಲ್ಲಿದ್ದಾನೆ ಅಂತ ಹೇಳೋಕೆ ಬಾಯಿ ತೆರೆದಿದ್ದರು, ಅಷ್ಟರಲ್ಲಿ ಪರದೆ ಬಂದುಬಿಡ್ತು. ನಾನು ಏನಂತ ಭವಿಷ್ಯ ಹೇಳಲಿ? ಆ ಹಳೇ ಸೆಲ್ ಎಸೆದಿಲ್ಲ ತಾನೇ? ಬೇಗ ತಂದು ಹಾಕು!"